ಚಕ್ರದಡಿಯ ನಾಲ್ಕು ನಿಂಬೆಹಣ್ಣು

ನುಸಿಗುಳಿಗೆ ಮತ್ತು ಪೆಟ್ರೋಲು. ಈ ಎರಡು ವಾಸನೆಗಳು ಒಟ್ಟಿಗೆ ಬರುವ ಜಾಗ ಲೋಕದಲ್ಲಿ ಹೆಚ್ಚಿರಲಾರದು. ಹೋದ ಅಕ್ಟೋಬರಿನಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಆ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ನನ್ನ ಪಕ್ಕದ ಜಾಗದಲ್ಲಿ ಕಾರು ನಿಲ್ಲಿಸುವ ಬಿಳಿಗಡ್ಡದ ಮುದುಕರೊಬ್ಬರು ತಮ್ಮ ಹಳೆಯ ಕಾರನ್ನು ಚಳಿಗಾಲಕ್ಕೆ ಅಣಿಗೊಳಿಸುತ್ತಿದ್ದರು. ಸೀಟಿನ ಕೆಳಗೆ ನುಸಿಗುಳಿಗೆಯ ಪೊಟ್ಟಣ ಇಟ್ಟು, ಬೂದುಬಣ್ಣದ ಹೊದಿಕೆಯನ್ನು ಮೂಗಿನಿಂದ ಬಾಲದವರೆಗೆ ಎಳೆಯುತ್ತಿದ್ದರು. ನಾನು ನಮಸ್ಕಾರ ಹೇಳಲಿಲ್ಲ, ಮಳೆಯ ಮಾತಾಡಲಿಲ್ಲ. ಇಂಜಿನ್ ಆರಿಸಿದ್ದೀರಾ ಎಂದು ಕೇಳಿದೆ. ಅವರು ನಕ್ಕು, ಹೊದಿಕೆ ಹೊದಿಸುತ್ತಿದ್ದೇನಲ್ಲ, ಆರಿಸಿಯೇ ಇದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಹತ್ತಿರ ಹೋಗಿ ಕಾರಿನ ಮೂತಿಯ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಆ ಮುದುಕರು ನನ್ನ ಮುಖ ನೋಡಿ, ನಗು ನಿಲ್ಲಿಸಿ, ಕೂತುಕೊಳ್ಳುತ್ತೀಯಾ ಎಂದು ಕೇಳಿದರು.

ನನಗೆ ಒಂಬತ್ತು ವರ್ಷವಾಗಿದ್ದಾಗ ನಾವು ಕಡಲಾಚೆಯ ಈ ದೇಶದಲ್ಲಿ, ಡುವಾಲ್ ಎಂಬ ಸಣ್ಣ ಊರಿನಲ್ಲಿದ್ದೆವು. ಊರು ಗುಡ್ಡದ ಮೇಲೆ, ಹೊಲಗಳು ಕೆಳಗೆ ಕಣಿವೆಯಲ್ಲಿ. ಬೆಳಗ್ಗೆ ಎದ್ದರೆ ಕಣಿವೆಯ ತುಂಬ ಹಾಲಿನಂತೆ ಮಂಜು ನಿಂತಿರುತ್ತಿತ್ತು, ಅದರೊಳಗಿನಿಂದ ದನ ಕೂಗುವುದು ಮಾತ್ರ ಕೇಳಿಸುತ್ತಿತ್ತು. ಮೈಸೂರಿನಿಂದ ಬಂದು ಮೂರು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಗರಾಜಿನ ಮೇಲಿನ ಕೋಣೆಯಲ್ಲಿ ಅಮ್ಮನ ತಮ್ಮ ಸುಧಿ ಮಾಮ. ಆ ವರ್ಷ ಅಮ್ಮನ ಅಮ್ಮನೂ ಬಂದಿದ್ದರು, ಆರು ತಿಂಗಳ ಮಟ್ಟಿಗೆ. ಅಜ್ಜಿ ಬಂದ ಮೇಲೆ ಮನೆಯ ಸದ್ದೇ ಬದಲಾಗಿತ್ತು. ಕುಕ್ಕರಿನ ಕೂಗಿಗೆ ಮೊದಲು ಅವರ ವಿಷ್ಣುಸಹಸ್ರನಾಮ ಕೇಳಿಸುತ್ತಿತ್ತು. ಮೆಟ್ಟಿಲ ಮೇಲೆ ಕಾಲುಚೀಲ ಹಾಕಿಕೊಂಡ ಅವರ ಪಾದದ ಸರಸರ. ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು, ಹೊರಗಿನ ಮಳೆಯನ್ನು ನೋಡುತ್ತ, ಇದೇನು ಮಳೆಯೋ ಇಬ್ಬನಿಯೋ, ಬಂದರೆ ಸರಿಯಾಗಿ ಬರಬಾರದೇ ಎಂದು ತಮ್ಮಷ್ಟಕ್ಕೆ ಆಡುವ ಜಗಳ. ನಿಮಗೂ ಅಂಥದೊಂದು ಮನೆ ಇದ್ದೀತು. ಅಲ್ಲಿದ್ದವರೆಲ್ಲ ಒಂದೇ ಸೂರಿನಡಿ ಇದ್ದ ಕಾಲ ತೀರ ಚಿಕ್ಕದು ಎಂಬುದು ಆಗ ಗೊತ್ತಿರುವುದಿಲ್ಲ. ನಮ್ಮ ಮನೆ ಮುರಿದದ್ದು ಯಾವ ಗಳಿಗೆಯಲ್ಲಿ ಎಂದು ನನಗೆ ಮಾತ್ರ ನಿಖರವಾಗಿ ಗೊತ್ತು. ಅದು ನನ್ನ ಹೆಬ್ಬೆರಳಿನಡಿ ಮುರಿಯಿತು.

ಮಾಮನಿಗೆ ಒಂದು ಕೆಂಪು ಕಾರಿತ್ತು. ಎರಡೇ ಸೀಟು, ಬಟ್ಟೆಯ ಚಾವಣಿ, ಮಾಮನಷ್ಟೇ ವಯಸ್ಸು. ಕಣಿವೆಯ ರೈತರೊಬ್ಬರ ಕೊಟ್ಟಿಗೆಯಲ್ಲಿ ಹುಲ್ಲಿನ ಪಿಂಡಿಗಳ ಹಿಂದೆ ನಿಂತಿದ್ದನ್ನು ತಂದು, ವರ್ಷಗಟ್ಟಲೆ ಕೂತು ಸರಿಮಾಡಿದ್ದ. ಆಫೀಸಿಗೆ ಹೋಗಲು ಅವನಿಗೆ ಬೇರೆ ಕಾರಿತ್ತು, ಇದು ಬೇಸಿಗೆಯದು. ಮೇ ತಿಂಗಳಲ್ಲಿ ಚಾವಣಿ ಮಡಚಿದರೆ ಸೆಪ್ಟೆಂಬರ್ ಮುಗಿಯುವವರೆಗೆ ನಾವಿಬ್ಬರೂ ಸಂಜೆ ನದಿಯ ದಾರಿಯಲ್ಲಿ ಹೋಗಿ ಜೋಳದ ಹೊಲಗಳ ನಡುವೆ ಸುತ್ತಿ ಬರುತ್ತಿದ್ದೆವು. ಅಕ್ಟೋಬರಿನಲ್ಲಿ ಮಳೆ ಹಿಡಿದುಕೊಂಡರೆ ಮುಗಿಯಿತು, ಬಟ್ಟೆಯ ಚಾವಣಿಗೆ ಬೂಷ್ಟು ಹಿಡಿಯುತ್ತದೆ. ಆಗ ಮಾಮ ಅದನ್ನು ಮಲಗಿಸುತ್ತಿದ್ದ. ಹಾಗೆಯೇ ಹೇಳುತ್ತಿದ್ದ, ಕಾರು ಮಲಗಿಸಬೇಕು ಎಂದು. ತೊಳೆದು, ಒರೆಸಿ, ಮೇಣ ತಿಕ್ಕಿ, ಚಕ್ರಗಳಿಗೆ ಮಾಮೂಲಿಗಿಂತ ಹೆಚ್ಚು ಗಾಳಿ ತುಂಬಿಸಿ, ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಅದರಲ್ಲಿ ಪೆಟ್ರೋಲು ಕೆಡದ ಹಾಗೆ ಒಂದು ಔಷಧಿ ಸುರಿಯುತ್ತಿದ್ದ. ಅಜ್ಜಿ ಗರಾಜಿನ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬಾಣಂತಿ ಮಾಡೋ ಹಾಗೆ ಮಾಡ್ತಾನಲ್ಲೇ ಪುಟ್ಟಿ! ಎಣ್ಣೆ ಆಯ್ತು, ನೀರಾಯ್ತು, ಔಷಧಿ ಆಯ್ತು. ಒಂದು ಹೆಣ್ಣು ನೋಡೋ ಅಂದ್ರೆ ಮಾತ್ರ ಟೈಮ್ ಇಲ್ಲ ಇವ್ನಿಗೆ."

"ಇದು ಎದುರು ಮಾತಾಡಲ್ಲಮ್ಮ, ಅದಕ್ಕೇ," ಎಂದ ಮಾಮ, ಕಾರಿನ ಕೆಳಗಿನಿಂದಲೇ.

ಇಲಿಗಳದ್ದೇ ದೊಡ್ಡ ಕಾಟ. ಕೆಳಗೆ ಹೊಲಗಳಿದ್ದದ್ದರಿಂದ ಚಳಿ ಬಿದ್ದರೆ ಅವು ಗುಡ್ಡ ಹತ್ತಿ ಬಂದು ಇಂಜಿನ್ನಿನ ವೈರು ಕಡಿಯುತ್ತಿದ್ದವು. ಅದಕ್ಕೆ ಅಜ್ಜಿ ತಮ್ಮ ಸೀರೆಗಳ ನಡುವೆ ಮೈಸೂರಿನಿಂದ ತಂದಿದ್ದ ನುಸಿಗುಳಿಗೆಗಳನ್ನು ಕೊಟ್ಟರು. ಹಳೆಯ ರವಿಕೆಯ ತುಂಡಿನಲ್ಲಿ ಐದೈದು ಕಟ್ಟಿ ಪೊಟ್ಟಣ ಮಾಡಿ, ಸೀಟಿನ ಕೆಳಗೆ, ಡಿಕ್ಕಿಯೊಳಗೆ ನಾನೇ ಇಟ್ಟೆ. ಆ ವರ್ಷ ಇನ್ನೊಂದು ವಿಶೇಷವಿತ್ತು. ಆಯುಧಪೂಜೆಯೂ ಕಾರು ಮಲಗಿಸುವುದೂ ಒಂದೇ ದಿನ ಬಂದಿದ್ದವು. ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೇ ಬರುವುದು, ಪಂಚಾಂಗದಲ್ಲಿ ಏನೇ ಇರಲಿ. ಅಪ್ಪ ಅಮ್ಮ ತಮ್ಮ ಕಾರಿಗೆ ಬೆಳಗ್ಗೆಯೇ ಪೂಜೆ ಮಾಡಿಸಿಕೊಂಡು, ಹಬ್ಬದ ಸಾಮಾನು ತರಲು ಬಾಥೆಲ್ ಎಂಬ ಹತ್ತಿರದ ಊರಿನ ಕಡೆಗೆ ಹೋಗಿದ್ದರು. ಮಾಮನ ಕಾರಿಗೆ ಅಜ್ಜಿ ಖುದ್ದಾಗಿ ಅರಿಶಿನ ಕುಂಕುಮ ಹಚ್ಚಿದರು, ಸೇವಂತಿಗೆ ಹಾರ ಹಾಕಿದರು, ನೆಲದ ಮೇಲೆ ದೀಪ ಇಟ್ಟರು, ಸಾಂಬ್ರಾಣಿ ಹೊಗೆ ಹಾಕಿದರು, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಇನ್ನು ಕಾರು ಮುಂದೆ ಹೋಗಿ ಹಣ್ಣನ್ನು ತುಳಿಯಬೇಕು. ಮಾಮ ಒಪ್ಪಲಿಲ್ಲ. ಕಾರು ಗೋಡೆಗೆ ಮೂತಿ ಮಾಡಿ ನಿಂತುಬಿಟ್ಟಿತ್ತು, ಹೊರಗೆ ಮಳೆ, ಒರೆಸಿ ಒಣಗಿಸಿದ ಚಕ್ರ ಮತ್ತೆ ನೆನೆಯುತ್ತದೆ.

"ತುಳಿಸ್ದೇ ಬಿಟ್ರೆ ಹೇಗೋ? ದೃಷ್ಟಿ ಹಾಗೇ ನಿಂತ್ಬಿಡುತ್ತೆ."

"ಅಲ್ಲೇ ಇರ್ಲಿ ಬಿಡಮ್ಮ. ಏಪ್ರಿಲ್‌ನಲ್ಲಿ ಎದ್ದಾಗ ತುಳಿಯುತ್ತೆ. ದೃಷ್ಟಿಗೂ ಸ್ವಲ್ಪ ರೆಸ್ಟ್ ಸಿಗ್ಲಿ."

ಅಜ್ಜಿ ಗೊಣಗಿದರು, ಆದರೆ ನಕ್ಕರು. ನಿಂಬೆಹಣ್ಣುಗಳು ಹಾಗೆಯೇ ಉಳಿದವು.

ಕೊನೆಯ ಕೆಲಸವೊಂದು ಬಾಕಿಯಿತ್ತು. ಟ್ಯಾಂಕಿಗೆ ಹಾಕಿದ ಔಷಧಿ ಇಂಜಿನ್ನಿನ ಒಳಗೆಲ್ಲ ಹರಿಯಬೇಕಾದರೆ ನಿಂತಲ್ಲೇ ಹತ್ತು ನಿಮಿಷ ಇಂಜಿನ್ ಓಡಿಸಬೇಕು. ಅದಕ್ಕೆ ಮೊದಲು ಮಾಮ ಕಾರಿನೊಳಗೆ ಇದ್ದ ಕಾಗದಪತ್ರ, ತಂಪುಕನ್ನಡಕ, ಚಿಲ್ಲರೆ ಸಾಮಾನನ್ನೆಲ್ಲ ತೆಗೆದ. ಕನ್ನಡಿಯ ಪಕ್ಕ ಸಿಕ್ಕಿಸಿದ್ದ ಗರಾಜು ಬಾಗಿಲಿನ ರಿಮೋಟನ್ನು ನನ್ನ ಸ್ವೆಟರಿನ ಜೇಬಿಗೆ ಹಾಕಿ, ಬಗ್ಗಿ ನನ್ನ ಕಣ್ಣ ಮಟ್ಟಕ್ಕೆ ಬಂದು ಹೇಳಿದ: "ಇದು ನಿನ್ನ ಹತ್ರ ಇರ್ಲಿ, ಮೇಧಾ. ಇಂಜಿನ್ ಆನ್ ಇರೋವಾಗ ಬಾಗ್ಲು ತೆಗ್ದೇ ಇರ್ಬೇಕು. ಮುಚ್ಚಿದ್ರೆ ಒಳಗಿರೋರಿಗೆ ನಿದ್ದೆ ಬಂದ್ಬಿಡುತ್ತೆ, ಆಮೇಲೆ ಏಳೋದೇ ಇಲ್ಲ. ಓಕೆ?" ನಾನು ಓಕೆ ಎಂದೆ. ಪುಟ್ಟಿ ಎನ್ನದೆ ಮೇಧಾ ಎಂದನಲ್ಲ ಎಂದು ಹೆಮ್ಮೆಪಟ್ಟೆ. ಅಜ್ಜಿ ಆಗ ಅಡುಗೆಮನೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು, ಈ ಮಾತು ಅವರ ಕಿವಿಗೆ ಬೀಳಲಿಲ್ಲ. ಇಂಜಿನ್ ಚಾಲೂ ಆದ ಮೇಲೆ ಕೈ ಒರೆಸಿಕೊಂಡು ಬಂದು, ಕಾರಿನೊಳಗೆ ಬೆಚ್ಚಗಿದೆ ಎಂದು ಪಕ್ಕದ ಸೀಟಿನಲ್ಲಿ ಕೂತು ಸಹಸ್ರನಾಮ ಶುರುಮಾಡಿದರು. ಅಷ್ಟರಲ್ಲಿ ಮಾಮನ ಫೋನು ಕೂಗಿತು. ಆ ವಾರ ಅವನ ಸರದಿ. ಆಫೀಸಿನಲ್ಲಿ ಏನು ಕೆಟ್ಟರೂ ಇವನೇ ನೋಡಬೇಕು. "ಹತ್ತೇ ನಿಮಿಷ ಬಂದೆ," ಎಂದು ಮೇಲೆ ಓಡಿದ. ಹತ್ತು ನಿಮಿಷದ ಕೆಲಸ ಅದಾಗಿರಲಿಲ್ಲ.

ನಾನು ಗರಾಜಿನ ಹೊಸ್ತಿಲಲ್ಲಿ, ಮಳೆ ನಿಂತು ಹೊಳೆಯುತ್ತಿದ್ದ ಇಳಿಜಾರಿನಲ್ಲಿ ಕಾವಲು ನಿಂತಿದ್ದೆ. ಆಗ ರಸ್ತೆಯ ತುದಿಯಲ್ಲಿ ಹ್ಯಾನಾ ಕಂಡಳು, ಸೈಕಲ್ ಮೇಲೆ. ನನ್ನ ತರಗತಿಯವಳು, ನಾಲ್ಕು ಮನೆ ಆಚೆಯವಳು. ಆ ವರ್ಷ ಅವಳು ನನ್ನ ಪಕ್ಕ ಕೂರಲು ಶುರುಮಾಡಿದ್ದಳು. ಅದು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಈಗ ವಿವರಿಸಲು ಹೋದರೆ ನನಗೇ ನಾಚಿಕೆಯಾಗುತ್ತದೆ. ಹಿಂದಿನ ವರ್ಷ ಅಪ್ಪನ ಕಾರಿಗೆ ಹಚ್ಚಿದ ಕುಂಕುಮ ಮಳೆಗೆ ಇಳಿದು ಬಾಗಿಲ ತುಂಬ ಹರಿದಿದ್ದನ್ನು ನೋಡಿ ಶಾಲೆಯ ಎದುರು ಯಾರೋ, ಅದು ರಕ್ತವೇ ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ನಾನು ಕೆಚಪ್ ಎಂದಿದ್ದೆ. ಈಗ ಹಿಂತಿರುಗಿ ನೋಡಿದೆ. ಕೆಂಪು ಕಾರಿಗೆ ಅರಿಶಿನದ ಪಟ್ಟೆ, ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ನೆಲದ ಮೇಲೆ ಬೆಂಕಿ, ಹೊಗೆ, ಒಳಗೆ ಕೂತು ಕಣ್ಣು ಮುಚ್ಚಿ ಜೋರಾಗಿ ಏನೋ ಹೇಳುತ್ತಿರುವ, ಸೀರೆಯ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡ ಅಜ್ಜಿ. ಹ್ಯಾನಾ ಕೈ ಬೀಸಿದಳು. ನಾನು ಜೇಬಿನೊಳಗೇ ಗುಂಡಿ ಒತ್ತಿದೆ.

ಮರೆತು ಒತ್ತಿದ್ದಲ್ಲ. ಮಾಮನ ಮಾತು ಆ ಕ್ಷಣದಲ್ಲೂ ತಲೆಯಲ್ಲಿತ್ತು. ಒಂದು ನಿಮಿಷವಷ್ಟೇ, ಅವಳು ದಾಟಿ ಹೋಗುವವರೆಗೆ, ಎಂದುಕೊಂಡೆ. ಬಾಗಿಲು ಗರಗರ ಇಳಿಯಿತು. ಹ್ಯಾನಾ ದಾಟಿ ಹೋಗಲಿಲ್ಲ, ನಿಂತಳು. ಅವಳ ಮನೆಯಲ್ಲಿ ಹ್ಯಾಲೋವೀನ್‌ಗೆ ದೊಡ್ಡ ಕುಂಬಳಕಾಯಿ ತಂದಿದ್ದಾರಂತೆ, ಕೊರೆಯುತ್ತಿದ್ದಾರಂತೆ, ಬರುತ್ತೀಯಾ ಎಂದಳು. ಅವಳು ನನ್ನನ್ನು ಮನೆಗೆ ಕರೆದದ್ದು ಅದೇ ಮೊದಲು. ನಾನು ಹೋದೆ. ಅಲ್ಲಿ ಕುಂಬಳಕಾಯಿಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ಬೀಜ ತೆಗೆದೆ. ಅವಳ ಅಮ್ಮ ಬಿಸಿ ಚಾಕೊಲೇಟ್ ಕೊಟ್ಟರು. ಅದನ್ನೂ ಕುಡಿದೆ. ಆ ಲೋಟದ ಮೇಲೆ ನೀಲಿ ಬಾತುಕೋಳಿಗಳಿದ್ದವು. ಎಷ್ಟು ಹೊತ್ತಾಯಿತು ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅರ್ಧ ಗಂಟೆಗೆ ಕಡಿಮೆಯಿಲ್ಲ.

ಹ್ಯಾನಾ ನನ್ನನ್ನು ಬಿಡಲು ನಮ್ಮ ಮನೆಯವರೆಗೂ ಬಂದಳು. ಇಳಿಜಾರಿನ ಬುಡದಲ್ಲೇ ನನಗೆ ಕೇಳಿಸಿತು. ಮುಚ್ಚಿದ ಬಾಗಿಲ ಹಿಂದೆ ಇಂಜಿನ್ ಗುಂಯ್‌ಗುಡುತ್ತಿತ್ತು. ಜೇಬಿನಲ್ಲಿ ರಿಮೋಟು ಇತ್ತು, ಅದರ ಮೇಲೆ ನನ್ನ ಕೈ ಇತ್ತು. ಹ್ಯಾನಾ ಮಾತಾಡುತ್ತಿದ್ದಳು, ಸೋಮವಾರ ಯಾವ ಬಣ್ಣದ ಅಂಗಿ ಹಾಕಿಕೊಂಡು ಬರಬೇಕು ಎಂದು. ನಾನು ಗುಂಡಿ ಒತ್ತಲಿಲ್ಲ. ಇದೇ ನಾನು ಇಷ್ಟು ವರ್ಷ ಯಾರಿಗೂ ಹೇಳದ ಮಾತು. ಮುಚ್ಚಿದ್ದನ್ನು ಮಗುವಿನ ಬುದ್ಧಿ ಎಂದು ಯಾರಾದರೂ ಕ್ಷಮಿಸಬಹುದು. ಆದರೆ ಆಗ ನನಗೆ ಗೊತ್ತಿತ್ತು. ಆದರೂ ಹಸಿರು ಅಂಗಿ ಎಂದೆ. ನಕ್ಕೆ. ಅವಳು ಸೈಕಲ್ ತಿರುಗಿಸಿ, ಎರಡು ಸಲ ಹಿಂತಿರುಗಿ ಕೈ ಬೀಸಿ, ತಿರುವಿನಲ್ಲಿ ಮರೆಯಾಗುವವರೆಗೂ ಕಾದೆ. ಆಮೇಲೆ ಒತ್ತಿದೆ.

ಬಾಗಿಲು ಏಳುತ್ತಿದ್ದಂತೆ ಅದರ ಅಡಿಯಿಂದ ಹೊಗೆ ನೆಲ ಸವರಿಕೊಂಡು ಬಂತು, ಸಾಂಬ್ರಾಣಿ, ಪೆಟ್ರೋಲು, ನುಸಿಗುಳಿಗೆ ಎಲ್ಲ ಕಲೆತು. ದೀಪ ಇನ್ನೂ ಉರಿಯುತ್ತಿತ್ತು. ಅಜ್ಜಿಯ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕೂಗಿದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ನನ್ನ ದನಿ ನೆನಪಿಲ್ಲ. ಮಾಮ ಕಿವಿಗೆ ಸಿಕ್ಕಿಸಿದ್ದ ಹೆಡ್‌ಫೋನ್ ಕುತ್ತಿಗೆಯಲ್ಲೇ ಜೋತಾಡುತ್ತ ಮೆಟ್ಟಿಲು ಹಾರಿ ಬಂದದ್ದು, ಕೀಲಿ ತಿರುಗಿಸಿ ಇಂಜಿನ್ ಆರಿಸಿದ್ದು, ಅಜ್ಜಿಯನ್ನು ಮಗುವಿನಂತೆ ಎತ್ತಿ ಒದ್ದೆ ಹುಲ್ಲಿನ ಮೇಲೆ ಮಲಗಿಸಿದ್ದು ನೆನಪಿದೆ. "ಅಮ್ಮ, ಅಮ್ಮ, ಇಲ್ನೋಡು, ನಾನು ಸುಧಿ, ಅಮ್ಮ." ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಕರೆಯುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಂಬುಲೆನ್ಸ್ ಬಂತು. ರಸ್ತೆಯವರೆಲ್ಲ ಹೊರಗೆ ಬಂದರು. ಯಾರಿಗೂ ಕಾಣಬಾರದೆಂದು ನಾನು ಮುಚ್ಚಿದ್ದ ಗರಾಜು ಎಲ್ಲರೆದುರು ತೆರೆದು ನಿಂತಿತ್ತು, ಹಾರ, ಕುಂಕುಮ, ನಿಂಬೆಹಣ್ಣು ಸಮೇತ. ಜನರ ಮಧ್ಯೆ ಹ್ಯಾನಾ ಇದ್ದಳು. ಅವಳು ಅದಾವುದನ್ನೂ ನೋಡುತ್ತಿರಲಿಲ್ಲ, ಹುಲ್ಲಿನ ಮೇಲಿದ್ದ ಅಜ್ಜಿಯನ್ನು ನೋಡಿ ಅಳುತ್ತಿದ್ದಳು.

ಅಜ್ಜಿ ಬದುಕಿದರು. ಕಾರಿನ ಗಾಜುಗಳು ಮುಚ್ಚಿದ್ದವು, ಚಾವಣಿ ಹಾಕಿತ್ತು, ಅದೇ ಅವರನ್ನು ಉಳಿಸಿರಬೇಕು ಎಂದು ಯಾರೋ ಅಂದರು. ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಮುಖವಾಡ ಹಾಕಿ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟು ಮಾತಾಡಿದರು. ಅಷ್ಟರಲ್ಲಿ ಅಮ್ಮ ಬಂದಿದ್ದಳು, ಹೊರಗಿನ ಓಣಿಯಲ್ಲಿ ಮಾಮನನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದಳು, ಬಾಗಿಲು ಮುಚ್ಚಿದ್ದು ಯಾರು, ತನ್ನಷ್ಟಕ್ಕೆ ಇಳಿಯಿತೇ, ಹೇಗೆ ಇಳಿಯಿತು ಎಂದು. ಮಾಮ ಗೊತ್ತಿಲ್ಲ ಅಕ್ಕ, ಗೊತ್ತಿಲ್ಲ ಎನ್ನುತ್ತಿದ್ದ. ಒಳಗೆ ಹೋದಾಗ ಅಮ್ಮ ಅದನ್ನೇ ಅಜ್ಜಿಯನ್ನು ಕೇಳಿದಳು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅಜ್ಜಿ ಮುಖವಾಡವನ್ನು ಸ್ವಲ್ಪ ಸರಿಸಿದರು.

"ನಾನೇ ಕಣೇ ಒತ್ತಿದ್ದು. ಗಾಳಿಗೆ ದೀಪ ಆರ್ತಿತ್ತು. ಕಾರಲ್ಲಿ ಇತ್ತಲ್ಲ ಆ ರಿಮೋಟು, ಒತ್ತಿದೆ."

ಅಮ್ಮ ಮಾಮನ ಕಡೆ ತಿರುಗಿದಳು. "ಇಂಜಿನ್ ಆನ್ ಮಾಡಿ, ಅಮ್ಮನ್ನ ಒಳಗೆ ಕೂರ್ಸಿ, ಕೈಗೆ ಸಿಗೋ ಹಾಗೆ ರಿಮೋಟ್ ಇಟ್ಟು ಹೋಗಿದ್ಯಾ? ನಿಂಗೆ ಫೋನೇ ಹೆಚ್ಚಾಯ್ತಾ? ಕೊಂದೇಬಿಡ್ತಿದ್ಯಲ್ಲೋ!"

ಮಾಮ ಏನೋ ಹೇಳಲು ಬಾಯಿ ತೆರೆದ. ಅವನ ಕಣ್ಣು ಒಮ್ಮೆ ನನ್ನ ಸ್ವೆಟರಿನ ಮೇಲೆ ಹಾದು ಹೋಯಿತು. "ಹೌದಕ್ಕ," ಎಂದ. "ತಪ್ಪಾಯ್ತು." ನಾನು ಹೆದರಿದ್ದೇನೆಯೇ ಎಂದು ನೋಡಿದ ಎಂದುಕೊಂಡೆ ಆಗ. ರಿಮೋಟು ನನ್ನ ಜೇಬಿನಲ್ಲೇ ಇತ್ತು, ನನ್ನ ಬೆವರಿಗೆ ಒದ್ದೆಯಾಗಿ.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಅಮ್ಮ ಮಾಮನಿಗೆ ತಟ್ಟೆ ಹಾಕುತ್ತಿದ್ದಳು, ಮಾತು ಹಾಕುತ್ತಿರಲಿಲ್ಲ. ತಿಂಗಳೊಳಗೆ ಮಾಮ ಪಟ್ಟಣದ ಸೌತ್ ಲೇಕ್ ಯೂನಿಯನ್ ಬಡಾವಣೆಯಲ್ಲಿ, ಆಫೀಸಿಗೆ ನಡೆದೇ ಹೋಗುವಷ್ಟು ಹತ್ತಿರ, ಹತ್ತನೆಯ ಮಹಡಿಯ ಒಂದು ಕೋಣೆಗೆ ಹೋದ. ಅಲ್ಲಿ ಕಾರಿಗೆ ಜಾಗವಿರಲಿಲ್ಲ. ಅಜ್ಜಿಗೆ ಆಗಾಗ ತಲೆನೋವು ಬರುತ್ತಿತ್ತು, ಸಹಸ್ರನಾಮದ ನಡುವೆ ಒಮ್ಮೊಮ್ಮೆ ಮುಂದಿನ ಸಾಲು ಮರೆತು ಹೋಗುತ್ತಿತ್ತು. ಹಾಗೆ ಮರೆತಾಗ ಅವರು ಸುಮ್ಮನೆ ಕಿಟಕಿ ನೋಡುತ್ತ ಕೂರುತ್ತಿದ್ದರು, ನಾನು ಕೋಣೆಯಿಂದ ಎದ್ದು ಹೋಗುತ್ತಿದ್ದೆ. ಊರಿಗೆ ಹೊರಡುವ ಹಿಂದಿನ ದಿನ ಬೆಳಗ್ಗೆ ನನ್ನ ತಲೆ ಬಾಚುತ್ತ, ಬೈತಲೆ ತೆಗೆಯುತ್ತ, ಮಾಮೂಲಿ ಮಾತಿನಂತೆ ಕೇಳಿದರು:

"ಅವತ್ತು ನಿನ್ನ ಫ್ರೆಂಡ್ ಬಂದಿದ್ಲಲ್ವೇನೇ? ಸೈಕಲ್ ಮೇಲೆ. ಕಾರಿನ ಕನ್ನಡೀಲಿ ಕಂಡ್ಳು."

ನಾನು ಹೂಂ ಎಂದೆ.

"ಕರ್ಕೊಂಡು ಬರ್ಬೇಕಿತ್ತು. ಕೋಸಂಬರಿ ಮಾಡಿದ್ದೆ."

ಅಷ್ಟೇ. ಜಡೆ ಹೆಣೆದು, ತುದಿಗೆ ರಬ್ಬರು ಹಾಕಿ, ಬೆನ್ನು ತಟ್ಟಿ ಎಬ್ಬಿಸಿದರು. ಅಜ್ಜಿ ಮತ್ತೆ ಇಲ್ಲಿಗೆ ಬರಲಿಲ್ಲ. ಅವರಿಗೆ ಬರೆಯಲೆಂದೇ ನಾನು ಮರೆಯುತ್ತಿದ್ದ ಕನ್ನಡ ಅಕ್ಷರಗಳನ್ನು ಮತ್ತೆ ತಿದ್ದಿಕೊಂಡೆ. ಪ್ರತಿ ಭಾನುವಾರ ಒಂದು ಪುಟ ಬರೆದು ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೆ. ಶಾಲೆ, ಮಳೆ, ಕಣಿವೆಯ ದನಗಳು ಎಲ್ಲದರ ಬಗ್ಗೆ ಬರೆದೆ. ಒಂದು ವಾಕ್ಯವನ್ನು ಮಾತ್ರ ಬರೆಯಲಿಲ್ಲ. ನಾನು ಕಾಲೇಜಿಗೆ ಸೇರಿದ ವರ್ಷ ಅಜ್ಜಿ ಹೋದರು. ಡುವಾಲ್‌ನ ಮನೆಯನ್ನು ಅಪ್ಪ ಅದಕ್ಕೂ ಮೊದಲೇ ಮಾರಿದ್ದ. ಹೋದ ವರ್ಷ ಯಾವುದೋ ನೆಪ ಮಾಡಿಕೊಂಡು ಆ ರಸ್ತೆಯಲ್ಲಿ ಹೋಗಿದ್ದೆ. ಗರಾಜಿನ ಬಾಗಿಲಿಗೆ ಯಾರೋ ಹಸಿರು ಬಣ್ಣ ಬಳಿದಿದ್ದಾರೆ.

ಅಮ್ಮ, ಇದನ್ನು ನೀನು ಓದುತ್ತೀಯ ಎಂದು ಗೊತ್ತು. ಕನ್ನಡದಲ್ಲಿ ಅಚ್ಚಾದದ್ದನ್ನು ನೀನು ಹುಡುಕಿಕೊಂಡು ಹೋಗಿ ಓದುತ್ತೀಯ. ಯುಗಾದಿಗೆ, ದೀಪಾವಳಿಗೆ ಮಾಮ ಫೋನ್ ಮಾಡಿದಾಗ ನೀನು ಎರಡು ನಿಮಿಷ ಮಾತಾಡಿ ನನ್ನ ಕೈಗೆ ಕೊಡುತ್ತೀಯಲ್ಲ, ಆ ಎರಡು ನಿಮಿಷ ನಾನು ಮಾಡಿದ್ದು. ಅಜ್ಜಿ ಆ ಗುಂಡಿ ಒತ್ತಲಿಲ್ಲ. ಒತ್ತಲು ಕಾರಿನಲ್ಲಿ ರಿಮೋಟೇ ಇರಲಿಲ್ಲ.

ಮಾಮನಿಗೆ ಅದು ಮೊದಲಿನಿಂದಲೂ ಗೊತ್ತಿತ್ತೆಂದು ನನಗೆ ತಿಳಿದದ್ದು ಮುಂದಿನ ಏಪ್ರಿಲ್‌ನಲ್ಲಿ. ಅಂದು ಮಾಮ ಕಾರು ಮಾರಲು ಬಂದಿದ್ದ. ಕೊಂಡವರು ಬೆಲ್‌ವ್ಯೂ ಕಡೆಯ ಗಂಡ ಹೆಂಡತಿ. ಅಮ್ಮ ಮೇಲಿನ ಕೋಣೆಯಿಂದ ಇಳಿಯಲಿಲ್ಲ. ಮಾಮ ಹೊದಿಕೆ ತೆಗೆದು ಮಡಚಿದ. ಹಾರದ ಸೇವಂತಿಗೆ ಒಣಗಿ ಪುಡಿಯಾಗಿ ಉದುರಿತು. ಸೀಟಿನ ಕೆಳಗಿಂದ ಅಜ್ಜಿಯ ರವಿಕೆಯ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಮೂಸಿ ನೋಡಿ ತನ್ನ ಜಾಕೆಟಿನ ಜೇಬಿಗೆ ಹಾಕಿಕೊಂಡ. ಆಮೇಲೆ, ಇಂಜಿನ್ ಚಾಲೂ ಮಾಡುವ ಮೊದಲು, ಕಾರಿನೊಳಗೆ ಹುಡುಕಲಿಲ್ಲ, ಕನ್ನಡಿಯ ಕಡೆ ನೋಡಲಿಲ್ಲ, ಗೋಡೆಯ ಸ್ವಿಚ್ಚಿನ ಕಡೆಗೂ ಹೋಗಲಿಲ್ಲ. ನೇರ ನನ್ನ ಹತ್ತಿರ ಬಂದು ಕೈ ಚಾಚಿದ.

"ರಿಮೋಟ್ ಕೊಡು ಪುಟ್ಟಿ."

ಆರು ತಿಂಗಳಿನಿಂದ ಅದು ನನ್ನ ಮೇಜಿನ ಡ್ರಾಯರಿನಲ್ಲಿ, ಕ್ರೇಯಾನ್ ಡಬ್ಬಿಯ ಅಡಿಯಲ್ಲಿತ್ತು. ಅವನು ಬರುತ್ತಾನೆಂದು ಗೊತ್ತಾಗಿ ಬೆಳಗ್ಗೆ ಜೇಬಿಗೆ ಹಾಕಿಕೊಂಡಿದ್ದೆ, ಏಕೆಂದು ನನಗೇ ತಿಳಿಯದೆ. ತೆಗೆದು ಕೊಟ್ಟೆ. ಅವನ ಮುಖ ನೋಡಲು ಆಗಲಿಲ್ಲ, ಅವನ ಅಂಗೈಯನ್ನೇ ನೋಡಿದೆ. ಅವನು ಬಾಗಿಲು ತೆಗೆದ. ಮೊದಲ ಬಿಸಿಲು ಒಳಗೆ ಬಂತು. ಕೊಂಡವರು ಕಾರಿನಲ್ಲಿ ಕೂತು ಇಂಜಿನ್ ಶುರುಮಾಡಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಮಾಮ ನನ್ನ ಭುಜದ ಮೇಲೆ ಕೈ ಇಟ್ಟು ನನ್ನನ್ನು ಹೊರಗೆ, ಗಾಳಿಗೆ, ಕರೆದುಕೊಂಡು ಬಂದು ನಿಲ್ಲಿಸಿದ. ಬಾಗಿಲು ಪೂರ್ತಿ ಮೇಲೆ ಹೋಗಿದೆಯೇ ಎಂದು ಒಮ್ಮೆ, ಇನ್ನೊಮ್ಮೆ ನೋಡಿದ.

ಕೊಂಡವರಿಗೆ ನಿಂಬೆಹಣ್ಣಿನ ವಿಷಯ ಗೊತ್ತಿರಲಿಲ್ಲ. ನಾವು ಹೇಳಲೂ ಇಲ್ಲ. ನಾಲ್ಕೂ ಅಲ್ಲೇ ಇದ್ದವು, ಕಂದಾಗಿ, ಹಗುರವಾಗಿ, ಗೋಲಿಯಷ್ಟಾಗಿ. ಕಾರು ಮೊದಲು ಗೋಡೆಯ ಕಡೆ ಒಂದಿಷ್ಟು ಮುಂದೆ ಜರುಗಿತು, ಹೊಸಬರಿಗೆ ಗೇರು ಸಿಕ್ಕಿರಲಿಲ್ಲವೇನೋ. ಅಂದು ಮಾಮ ಹೇಳಿದ್ದಂತೆಯೇ ಆಯಿತು. ನಾಲ್ಕು ಸಣ್ಣ ಸದ್ದು ಕೇಳಿಸಿದವು, ಒಣ ಎಲೆ ಮುರಿದ ಹಾಗೆ. ರಸವಿರಲಿಲ್ಲ, ನೆಲ ಒದ್ದೆಯಾಗಲಿಲ್ಲ. ಆಮೇಲೆ ಕಾರು ಹಿಂದೆ ಬಂದು, ತಿರುಗಿ, ಇಳಿಜಾರು ಇಳಿದು, ನದಿಯ ದಾರಿ ಹಿಡಿಯಿತು.

ಮಾಮ ಒಳಗೆ ಹೋಗಿ, ಕಸಬರಿಕೆ ತಂದು, ಚೂರುಗಳನ್ನು ಗುಡಿಸಿದ. ನಾನು ಮೊರ ಹಿಡಿದೆ.